ಗಣಿತಕ್ಕೆ ಜ್ವರ ಬಂದ ಬುಧವಾರ

ಅರಸೀಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ
ಹತ್ತನೇ ಕ್ಲಾಸಿನ ವೇಳಾಪಟ್ಟಿಯ ಮೇಲೆ
ಬುಧವಾರದ ಏಳನೆಯದು ನನ್ನದು.
ಪಟ್ಟಿಯ ಮೇಲೆ ಮಾತ್ರ.
ಜೂನ್ ತಿಂಗಳಲ್ಲೇ ತಿಮ್ಮಶೆಟ್ಟಿ ಮೇಷ್ಟ್ರು
"ಟ್ರಿಗನಾಮೆಟ್ರಿ ಹಿಂದೆ ಬಿದ್ದಿದೆ ಮೇಡಂ" ಎಂದು
ಒಂದು ಲೋಟ ಟೀ ಕೊಡಿಸಿ ಅದನ್ನು ಒಯ್ದರು.
ಅಂದಿನಿಂದ ನಾನು ಪ್ರಾರ್ಥನೆಗೆ ಸೀಟಿ ಊದುವವಳು,
ಬಿಸಿಯೂಟಕ್ಕೆ ಸಾಲು ನಿಲ್ಲಿಸುವವಳು,
ಮೊಟ್ಟೆ ಎಣಿಸುವವಳು.

ನವೆಂಬರಿನಲ್ಲಿ ಮೇಷ್ಟ್ರಿಗೆ ಚಿಕೂನ್‌ಗುನ್ಯ.
ಅದೇ ವಾರ ಜಿಲ್ಲೆಯಿಂದ ಒಂದು ಕಟ್ಟು ನಮೂನೆ:
ಎತ್ತರ, ತೂಕ, ಆರುನೂರು ಮೀಟರ್ ಓಟ,
ಕುಳಿತು ಕೈಚಾಚಿದರೆ ಬೆರಳು ಎಲ್ಲಿಯ ತನಕ.
ಹಿಂಬದಿಯಲ್ಲಿ 'ಜೀವನದ ಗುಣಮಟ್ಟ',
ಹದಿನೆಂಟು ಪ್ರಶ್ನೆ, ಒಂದೊಂದರ ಎದುರೂ ಐದು ಸೊನ್ನೆ,
'ಎಂದೂ ಇಲ್ಲ'ದಿಂದ 'ಯಾವಾಗಲೂ' ತನಕ.

ಮೂವತ್ತೊಂದು ಹುಡುಗಿಯರು ಮೈದಾನಕ್ಕಿಳಿದರು,
ಬೇರೆಯವರ ಮನೆಗೆ ಬಂದಂತೆ ಅಂಚಿನಲ್ಲೇ ನಿಂತರು.
ಏಳನೇ ಕ್ಲಾಸಿನ ತನಕ ಇದೇ ಕಾಲುಗಳು
ಕುಂಟೆಬಿಲ್ಲೆ ಆಡಿ ಆಡಿ ಅಂಗಳ ಸವೆಸಿದ್ದವು.
ಈಗ ಸಿಂಚನಾಗೆ ಹೊಟ್ಟೆನೋವು, ಮೋನಿಷಾಗೆ ತಲೆಸುತ್ತು,
ಜಾನವಿಯ ಚಪ್ಪಲಿಯ ಉಂಗುಷ್ಟ ಕಿತ್ತಿದೆ,
ಎಲ್ಲರ ವೇಲೂ ಎರಡೆರಡು ಪಿನ್ನಿನಲ್ಲಿ ಬಂದೋಬಸ್ತು.
ತೂಕದ ಯಂತ್ರ ಹತ್ತುವಾಗ ಕಣ್ಣು ಮುಚ್ಚಿದರು.
"ಜೋರಾಗಿ ಓದಬೇಡಿ ಮಿಸ್."
ಓದಲಿಲ್ಲ. ಬರೆದುಕೊಂಡೆ, ಕೈ ಅಡ್ಡ ಹಿಡಿದು.

ಕಾಲು ಚಾಚಿ ಹೆಬ್ಬೆರಳು ಮುಟ್ಟಿ ಎಂದರೆ
ಅರ್ಧಕ್ಕರ್ಧ ಕೈಗಳು ಮಂಡಿಯ ಹತ್ತಿರವೇ ನಿಂತವು.
ಬೆಳಗ್ಗೆ ಆರಕ್ಕೆ ಟ್ಯೂಷನ್, ಸಂಜೆ ಆರರ ತನಕ ವಿಶೇಷ ತರಗತಿ.
ಬೆಂಚಿನ ಅಳತೆಗೇ ಬೆಳೆದಿವೆ ಬೆನ್ನುಗಳು.

ಮೈದಾನದಲ್ಲಿ ಆರುನೂರು ಮೀಟರ್ ಎಲ್ಲಿ ತರಲಿ?
ರೈಲುಹಳಿಯ ಪಕ್ಕದ ಮಣ್ಣುದಾರಿಯಲ್ಲಿ ಹೆಜ್ಜೆ ಎಣಿಸಿ
ಗೇಟಿನ ಹತ್ತಿರ ಒಂದು, ಪಂಪ್‌ಹೌಸಿನ ಹತ್ತಿರ ಒಂದು
ಸುಣ್ಣದ ಗೆರೆ ಎಳೆದೆ.
ಸ್ಟಾಪ್‌ವಾಚು ಒತ್ತಿದರೆ ಬೀರುವಿನಲ್ಲೇ ಸತ್ತಿತ್ತು.
ಅಷ್ಟರಲ್ಲಿ ತಂತಿಬೇಲಿಯಾಚೆ ಶಿವಮೊಗ್ಗ ಪ್ಯಾಸೆಂಜರ್
ಸ್ಟೇಷನ್ ಬಿಟ್ಟು, ಮನಸ್ಸಿಲ್ಲದೆ, ತೆವಳಿಕೊಂಡು ಬಂತು.
ಕೊಬ್ಬರಿ ಮಂಡಿಯ ಹಮಾಲಿ ಬಾಬಾಜಾನರ ಮಗಳು ರುಮಾನಾ
(ಹಾಜರಿ ಹೊರತು ಅವಳ ದನಿ ನಾನು ಕೇಳಿದ್ದಿಲ್ಲ)
ಪಿನ್ನು ಬಿಚ್ಚಿ ವೇಲನ್ನು ಸೊಂಟಕ್ಕೆ ಬಿಗಿದಳು.
ಎಂಜಿನ್ನಿನ ಮೂತಿ ಗೆರೆಗೆ ಬಂದದ್ದೇ ತಡ,
ಸೀಟಿಗೂ ಕಾಯಲಿಲ್ಲ.

ಅವಳ ಹಿಂದೆ ಒಬ್ಬಳು, ಇಬ್ಬರು, ಆಮೇಲೆ ಹಿಂಡು.
ಹೊಟ್ಟೆನೋವು ಓಡಿತು, ತಲೆಸುತ್ತು ಓಡಿತು,
ಚಪ್ಪಲಿ ಕೈಯಲ್ಲಿ ಹಿಡಿದು ಜಾನವಿ ಓಡಿದಳು.
ಕಿಟಕಿಯಲ್ಲಿ ಕಡ್ಲೆಪುರಿ ಮೆಲ್ಲುತ್ತಿದ್ದ ಮುದುಕಿಯೊಬ್ಬಳು
"ಓಡ್ರೇ, ಬಿಡಬ್ಯಾಡ್ರೇ!" ಎಂದು ಸರಳು ಬಡಿದಳು.
ಪಂಪ್‌ಹೌಸಿನ ಹತ್ತಿರ ಮೋನಿಷಾ
ಬಿಸಿಯೂಟವನ್ನೆಲ್ಲ ಕಕ್ಕಿ, ಬಾಯೊರೆಸಿಕೊಂಡು,
ನಗತೊಡಗಿದಳು. ನಿಲ್ಲಿಸಲಾಗಲಿಲ್ಲ.

ಬೇವಿನಡಿ ಕೂತು ಸೊನ್ನೆ ತುಂಬುವಾಗ
ಒಂಬತ್ತನೇ ಪ್ರಶ್ನೆಗೆ ರುಮಾನಾಳ ಪೆನ್ನು ನಿಂತಿತು.
ಕಳೆದ ವಾರದಲ್ಲಿ ನಿಮ್ಮ ದೇಹ ನಿಮಗೆ ಇಷ್ಟವಾಗಿತ್ತೆ?
"ಮಿಸ್, ಕಳೆದ ವಾರ ಅಂದ್ರೆ
ಇವತ್ತೂ ಸೇರುತ್ತಾ?"
"ಸೇರಿಸ್ಕೋ."

ಓಟದ ಅವಧಿ ಎಂಬಲ್ಲಿ ನಾನು ಬರೆದೆ:
'ಶಿವಮೊಗ್ಗ ಪ್ಯಾಸೆಂಜರಿಗಿಂತ ಎರಡು ಬೋಗಿ ಹಿಂದೆ.'
ಹಾಸನದಿಂದ ಕೆಂಪು ಶಾಯಿಯಲ್ಲಿ ವಾಪಸು:
'ಅಂಕಿಗಳಲ್ಲಿ ನಮೂದಿಸಿ.'

ಜ್ವರ ಇಳಿದು ಬಂದ ತಿಮ್ಮಶೆಟ್ಟಿ ಮೇಷ್ಟ್ರು
ಸ್ಟಾಫ್‌ರೂಮಿನಲ್ಲಿ ಮಂಡಿ ನೀವಿಕೊಳ್ಳುತ್ತ
ಸೀಮೆಸುಣ್ಣ ಹಿಡಿಯಲಾಗದ ಬೆರಳು ಮಡಿಸಿ ಲೆಕ್ಕ ಹಾಕಿದರು:
ಯಾರ್ಡಿನೊಳಗೆ ಗಂಟೆಗೆ ಹದಿನೈದು ಕಿಲೋಮೀಟರು,
ಬೋಗಿಗೆ ಇಪ್ಪತ್ತನಾಲ್ಕು ಮೀಟರು,
ಎರಡು ನಿಮಿಷ ಮೂವತ್ತಾರು ಸೆಕೆಂಡು.
"ಆ ಹುಡುಗೀನಾ?" ಎಂದು ಮತ್ತೊಮ್ಮೆ ಕೂಡಿ ನೋಡಿದರು.
ಆಮೇಲೆ, "ಏಳನೇ ಪೀರಿಯಡ್ಡು ಸದ್ಯಕ್ಕೆ ನೀವೇ ಇಟ್ಕೊಳ್ಳಿ ಮೇಡಂ,
ಈ ಮಂಡಿ ಸರಿಹೋಗೋ ತನಕ
ಇನ್ನೊಂದ್ಸಲ ಮೆಟ್ಟಿಲು ಹತ್ತೋಕಾಗಲ್ಲ."

ಮಂಡಿಗೊಂದು ವ್ಯಾಯಾಮವಿದೆ.
ಗೋಡೆಗೆ ಬೆನ್ನು ಕೊಟ್ಟು, ದಿನಕ್ಕೆ ಹತ್ತು ಸಲ, ಮೂರೇ ವಾರ.
ಹೇಳಿಕೊಡುವುದು ನನ್ನ ಕೆಲಸವೇ.
ಹೇಳುತ್ತೇನೆ.
ಮಾರ್ಚ್ ಕಳೆಯಲಿ.