ಭಾರ ಹೊರದಾಂವ

ತಾಸಿಗೆ ಮೂವತ್ತು ರೂಪಾಯಿ.
ಮಾರ್ಕೆಟ್ಟಿನಾಗ ಚೀಲ ಇಳಿಸಿ ಬಂದ ದಾವಲಕಾಕಾ
ಚಿಲ್ಲರೆ ಎಣಿಸಿ ಕೊಟ್ಟು ಅಂಗಿ ಝಾಡಿಸಿದ;
ಬ್ಯಾಡಗಿ ಮೆಣಸಿನಕಾಯಿ ಘಾಟಿಗೆ
ಕೀಬೋರ್ಡಿನ ಮ್ಯಾಲೆ ಮೂರು ಸಲ ಸೀನಿದೆ.

ಹೊಸಬರಿಗೆ ನಾ ಹೇಳೂದು ಒಂದ:
"ಗುರಾಣಿ ಹಿಡದಾವನ್ನ ತಗೋ.
ಕಬ್ಬಿಣದ ಅಂಗಿ, ಗಟ್ಟಿ ರಟ್ಟಿ,
ಹತ್ತು ಏಟು ತಿಂದರೂ ಬೀಳಾಂಗಿಲ್ಲ.
ಪಾಯಿಂಟೆಲ್ಲಾ ಶಕ್ತಿಗೆ ಸುರುವು,
ಬುದ್ಧಿಗೆ ಒಂದು ಇಟ್ಟರ ಸಾಕು."

ಕಾಕಾ ನಕ್ಕ.
"ನಮ್ಮ ಮುಕಾದಮನೂ ಹಿಂಗ ಅಂದಿದ್ದ,
ನನಗ ಹದಿನಾರು ಇದ್ದಾಗ."

ಆಮ್ಯಾಲೆ ಪರದೆ ಮೂಲ್ಯಾಗಿನ ಒಣಕಲನ್ನ
ಬೆರಳಿಲೆ ಮುಟ್ಟಿದ. "ಇಂವ ಯಾರು?"
"ಮಂತ್ರವಾದಿ. ಬ್ಯಾಡ. ಒಂದ ಏಟಿಗೆ ಸಾಯ್ತಾನ.
ಚೀಲದಾಗ ನಾಕು ಸಾಮಾನು ಹಾಕಿದರ
ನಡೆಯಾಕ ಬರೂದಿಲ್ಲ."
"ಭಾರ ಹೊರಾಂಗಿಲ್ಲ?"
"ಹೊರಾಂಗಿಲ್ಲ."
"ಇಂವನ್ನ ಹಚ್ಚು."

ಮೊದಲನೇ ಸೇತುವೆ ಮ್ಯಾಲೆ ಒಂದು ಹೆಗ್ಗಣ
ಐದು ಸಲ ಕೊಂದಿತು ಕಾಕಾನ್ನ.
ಆರನೇ ಸಲಕ್ಕ ಕೋಲಿನ ತುದಿಗೆ ಬೆಂಕಿ ಹತ್ತಿ
ಹೆಗ್ಗಣ ಅಲ್ಲ, ಸೇತುವೆ ಸುಟ್ಟಿತು.

ಕಾಕಾ ಕಣ್ಣೊರಸಿಕೊಳ್ಳಾಕ ಕೈ ಎತ್ತಿ
ಖಾರ ನೆನಪಾಗಿ ಕೆಳಗಿಟ್ಟ.
"ಇನ್ನರ್ಧ ತಾಸಿಗೆ ಎಷ್ಟು?" ಅಂದ.