ಬೀಜಕ್ಕೆ ಹೆಪ್ಪು

ಹೋದ ವರ್ಷ ಎಣಿಸಿದ್ದೆ.
ಒದ್ದೆ ಗೋಣಿತಾಟಿನ ಮೇಲೆ ಹತ್ತರ ಹತ್ತು ಸಾಲು ಕಡಲೆಬೀಜ,
ಸುತ್ತಿ, ನೀರು ಚಿಮುಕಿಸಿ, ಒಲೆ ಹಿಂದಿನ ಮೂಲೆಗಿಟ್ಟು
ಏಳನೇ ದಿನ ಬಿಚ್ಚಿದರೆ
ನೂರಕ್ಕೆ ಐವತ್ತೆಂಟು.
ಉಳಿದವಕ್ಕೆ ಕಪ್ಪು ಬೂಷ್ಟು,
ಕಾಡಿಗೆ ಡಬ್ಬಿಗೆ ಬೆರಳದ್ದಿ ಯಾರೋ
ಒಂದೊಂದಕ್ಕೂ ದೃಷ್ಟಿಬೊಟ್ಟು ಇಟ್ಟಂತೆ.

ಹೊಲಕ್ಕೆ ಬಿದ್ದವೂ ಅಷ್ಟೆ.
ನೆಲ ಬಿರಿದು, ಎಲೆ ಬಿಟ್ಟು, ನೆಟ್ಟಗೆ ನಿಂತು
ಒಂದು ಬೆಳಗ್ಗೆ ಕತ್ತು ಕೊಳೆತು
ಮಾತಿಲ್ಲದೆ ಮಲಗಿಬಿಟ್ಟವು.
ಬೈಯಣ್ಣ ಅಂದ: ಬೀಜ ಸರಿಯಿಲ್ಲ.
ಬೀಜ ಕೊಟ್ಟವನು ಅಂದ: ಮಣ್ಣು ಸರಿಯಿಲ್ಲ.
ಮಣ್ಣು ಏನೂ ಅನ್ನಲಿಲ್ಲ.

ಯುಗಾದಿ ಕಳೆದ ವಾರ ಚಿಂತಾಮಣಿಗೆ ಹೋದೆ.
ರೈತ ಸಂಪರ್ಕ ಕೇಂದ್ರದಲ್ಲಿ ಷಾಹೀನಾ ಅಂತ ಒಬ್ಬ ಹುಡುಗಿ
ಗಾಜಿನ ಬಿಲ್ಲೆಯೊಂದನ್ನು ಕಿಟಕಿಗೆ ಹಿಡಿದು ತೋರಿಸಿದಳು.
ಬಿಲ್ಲೆ ತುಂಬ ಬೂಷ್ಟು;
ನಡುವೆ ಕೆನೆಬಣ್ಣದ ಒಂದು ಚುಕ್ಕೆ,
ಅದರ ಸುತ್ತ ಮಗುವಿನ ಬಳೆಯಷ್ಟು ಜಾಗ ಖಾಲಿ.
"ಇಲ್ಲೀವರೆಗೂ ಬಂದು ನಿಂತಿದೆ ನೋಡಿ ಅಕ್ಕ. ದಾಟಿಲ್ಲ."
ಯಾರಮ್ಮ ಕಾವಲು, ಅಂದೆ.
ನಕ್ಕಳು. ಕಪ್ಪು ಪುಡಿಯ ಪೊಟ್ಟಣ ಕೈಗಿಟ್ಟಳು.
"ಜೀವ ಇದೆ ಇದರಲ್ಲಿ, ಬಿಸಿಗೆ ಇಡಬೇಡಿ.
ಮೊಸರಿಗೆ ಹೆಪ್ಪು ಹಾಕ್ತೀರಲ್ಲ, ಹಾಗೆ."

ಬರುವಾಗ ಅದೇ ಬಸ್ಸು, ಮುಂದಿನ ಸೀಟಿನಲ್ಲಿ
ನನ್ನ ವಾರಗಿತ್ತಿ ಅಲುಮೇಲು,
ಮಡಿಲಲ್ಲಿ ಅದೇ ಪೊಟ್ಟಣ.
ಅಂಬಾಜಿದುರ್ಗದ ಬೆಟ್ಟ ಬರುವಷ್ಟರಲ್ಲಿ
ನಾನು ಈ ಕಿಟಕಿ, ಅವಳು ಆ ಕಿಟಕಿ.
ಬದುವಿನ ಹೊಂಗೆ ಮರ ಯಾರದು ಅಂತ
ನಾಲ್ಕು ವರ್ಷದಿಂದ ನಮ್ಮಲ್ಲಿ ಮಾತಿಲ್ಲ.

ಮೃಗಶಿರೆ ಹದವಾಗಿ ಸುರಿದ ಮಾರನೇ ದಿನ
ಪೊಟ್ಟಣ ಹುಡುಕಿದೆ.
ಬೈಯಣ್ಣ ಅದನ್ನು ಯೂರಿಯಾ ಚೀಲದ ಜೊತೆ
ಶೀಟಿನ ಕೆಳಗೆ ಅಟ್ಟಕ್ಕೆಸೆದಿದ್ದ.
ಎರಡು ತಿಂಗಳ ಬಿಸಿಲು ಕುಡಿದ ಶೀಟು.
ಮುಟ್ಟಿದರೆ ಒಲೆಯ ಬೂದಿ.
ಪುಡಿ ಹಾಗೇ ಇತ್ತು, ಬಣ್ಣವೂ ಹಾಗೇ.
ಸತ್ತದ್ದು ಯಾವುದು ಅಂತ
ತೋರಿಸಲು ಏನೂ ಇರಲಿಲ್ಲ.

ಹದ ನಮಗಾಗಿ ಕಾಯುವುದಿಲ್ಲ.
ಹೋಗಲೋ ಬೇಡವೋ ಅನ್ನುವಷ್ಟರಲ್ಲಿ ಸಂಜೆಯಾಗಿತ್ತು.
ಲೋಟ ಹಿಡಿದು ಅಲುಮೇಲು ಬಾಗಿಲಲ್ಲಿ ನಿಂತೆ.
ಲೋಟ ಯಾಕೆ ಹಿಡಿದಿದ್ದೆನೋ.
ಬಾಯಿಗೆ ಆ ಔಷಧಿಯ ಹೆಸರು ಬರಲಿಲ್ಲ,
"ಒಂಚೂರು ಹೆಪ್ಪು" ಅಂದುಬಿಟ್ಟೆ.
ಅವಳು ನನ್ನನ್ನು ನೋಡಿದಳು.
ಒಳಗೆ ದೇವರ ಗೂಡನ್ನು ನೋಡಿದಳು, ದೀಪ ಹಚ್ಚಿಯಾಗಿತ್ತು.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಮನೆಯುಂಟೇ?
ತುಂಬ ಹೊತ್ತಾದ ಮೇಲೆ,
"ಇದು ಮೊಸರಿಂದಲ್ಲವಲ್ಲ."
ಗುಡಾಣದ ಪಕ್ಕ, ತಣ್ಣನೆ ಮರಳಲ್ಲಿ ಹೂತಿಟ್ಟ ಪೊಟ್ಟಣ ತೆಗೆದು
ಅರ್ಧ ಸುರಿದಳು. "ಪಾಕ ಆರಿರಲಿ" ಅಂದಳು,
ಬಾಗಿಲು ಮುಂದೆ ಮಾಡಿದಳು.

ಬೆಲ್ಲದ ಪಾಕ ಆರಿಸಿ, ಬೀಜದ ಮೇಲೆ ಚಿಮುಕಿಸಿ, ಪುಡಿ ಉದುರಿಸಿ
ಹಸುಗೂಸಿನ ನೆತ್ತಿಗೆ ಎಣ್ಣೆ ಒತ್ತುವಷ್ಟೇ ಮೆತ್ತಗೆ;
ಉಜ್ಜಿದರೆ ಕೆಂಪು ಸಿಪ್ಪೆ ಸುಲಿದು ಬರುತ್ತದೆ.
ನೆರಳಲ್ಲಿ ಆರಬೇಕು.
ನೆರಳೆಂದರೆ ಹೊಲದಲ್ಲಿ ಆ ಹೊಂಗೆಯದೊಂದೇ.
ಬದುವಿನ ಈಚೆ ನನ್ನ ಗೋಣಿ ಹಾಸಿದೆ,
ಆಚೆ ಅವಳದು ಆಗಲೇ ಹಾಸಿತ್ತು.
ಬೆಲ್ಲಕ್ಕೆ ಬಂದ ಇರುವೆಗಳು
ಎರಡೂ ಕಡೆ ಓಡಾಡಿದವು.

ಬಿತ್ತುವ ಮುಂಚೆ ನೂರು ತೆಗೆದಿಟ್ಟಿದ್ದೆ.
ಎಂಬತ್ತೇಳು.
ಹದಿಮೂರು ಯಾಕೆ ಏಳಲಿಲ್ಲ ಅಂತ
ಷಾಹೀನಾಳನ್ನು ಕೇಳಬೇಕು.

ತಿಂಗಳಾದ ಮೇಲೆ ಒಂದು ಗಿಡ ಕಿತ್ತೆ.
ಬೇರಿಗೆ ಸಾಸಿವೆಯಂಥ ಗಂಟು,
ಉಗುರಲ್ಲಿ ಸೀಳಿದರೆ ಒಳಗೆ ಎಳೆಗೆಂಪು.
ರಕ್ತವಲ್ಲ. ರಕ್ತದ ದೂರದ ನೆಂಟ.
ಬದುವಿನಾಚೆ ಅಲುಮೇಲು ಕಳೆ ಕೀಳುತ್ತಿದ್ದಳು.
ಕಿತ್ತ ಗಿಡವನ್ನು ಬದುವಿನ ಕಲ್ಲ ಮೇಲಿಟ್ಟು ಬಂದೆ.
ಸಂಜೆ ನೋಡಿದರೆ ಅಲ್ಲಿರಲಿಲ್ಲ.
ಕಲ್ಲು ಮಾತ್ರ ಇನ್ನೂ ನಮ್ಮ ಕಡೆ ಒಂದು ಗೇಣು ವಾಲಿದೆ.
ಅದರಡಿಯ ಮಣ್ಣಲ್ಲಿ
ಯಾರು ಯಾರ ಕಡೆಗೆ ದಾಟುತ್ತಿದ್ದಾರೋ,
ಎಣಿಸುವುದಕ್ಕೆ ನನ್ನಲ್ಲಿ ಅಂಥ ಗೋಣಿತಾಟಿಲ್ಲ.