ನಾಲ್ಕನೆಯ ಕಾಲು

ಮತ್ರಾ ಸೂಕಿನ ಹಿಂದಿನ ಓಣಿ, ಎ.ಸಿ. ಕೆಟ್ಟ ಮೂರನೇ ದಿನ,
ನಾಸರ್ ಖಲ್ಫಾನ್ ಅದನ್ನು ಕಂಬಳಿಯಲ್ಲಿ ಸುತ್ತಿ ತಂದ,
ಜ್ವರದ ಮಗುವನ್ನು ಎತ್ತಿಕೊಂಡು ಬಂದ ಹಾಗೆ.
“ಶೇಟ್, ಶುಕ್ರವಾರ ಮದುವೆ. ಹೊಳೆಯಬೇಕು.”
ಶೇಟ್ ಎಂದರೆ ಧಣಿ ಎಂದೇ ಅವನ ಲೆಕ್ಕ;
ಅದು ನಮ್ಮ ಅಕ್ಕಸಾಲಿಗರ ಅಡ್ಡಹೆಸರು ಎಂದು
ಇಪ್ಪತ್ತೆರಡು ವರ್ಷದಿಂದ ನಾನೂ ಹೇಳಿಲ್ಲ.

ಬಿಚ್ಚಿದೆ. ಮೊಣಕೈಯುದ್ದದ ಬೆಳ್ಳಿಯ ಖರ್ಜೂರದ ಮರ,
ಗರಿಯ ತುದಿತುದಿಗೆ ಗಾಜಿನ ಬಟ್ಟಲು ಕೂರಿಸುವ ಬಳೆ
(ಬಟ್ಟಲು ಒಂದೂ ಉಳಿದಿಲ್ಲ),
ಬುಡದಲ್ಲಿ ಒಂಟೆ, ಪಕ್ಕದಲ್ಲಿ ರುಮಾಲಿನವನೊಬ್ಬ
ಈಟಿ ಹಿಡಿದು ಯಾರಿಗೋ ಕಾಯುತ್ತಿದ್ದಾನೆ.
ಮಾಡಿದವನು ಒಂಟೆ ಕಂಡವನಲ್ಲ.
ಕುದುರೆಗೆ ಡುಬ್ಬ ಅಂಟಿಸಿದ್ದಾನೆ, ಗೊರಸು ಸೀಳಿಲ್ಲ,
ಖರ್ಜೂರದ ಗೊನೆಯಲ್ಲಿ ದ್ರಾಕ್ಷಿ ತೂಗುತ್ತಿದೆ.
ಆದರೆ ಆ ಕಣ್ಣಿನ ರೆಪ್ಪೆ!
ಒಂದೊಂದು ಕೂದಲೂ ಉಳಿಯ ತುದಿಯಿಂದ ಎಳೆದದ್ದು.
ಮೋಡದ ಊರಿನಲ್ಲಿ ಕೂತವನಿಗೆ
ಮರಳು ಕಣ್ಣಿಗೆ ಬೀಳುತ್ತದೆಂದು ಯಾರು ಹೇಳಿದರು?

ಪೀಠದ ಮೇಲೆ ಇಂಗ್ಲಿಷು, ಸುರುಳಿ ಸುರುಳಿ:
ಕ್ಯಾಪ್ಟನ್ ಹಾರ್ವುಡ್ ಅವರಿಗೆ, ಮತ್ರಾದ ವರ್ತಕರಿಂದ,
ಹದಿನೆಂಟುನೂರ ಎಪ್ಪತ್ತೆಂಟು, ಕೃತಜ್ಞತೆಯ ಕುರುಹು.
ಯಾತಕ್ಕೆ ಕೃತಜ್ಞತೆ, ಬರೆದಿಲ್ಲ.
ಹಡಗು ಹತ್ತಿ ಹೋದದ್ದು ಮತ್ರಾಕ್ಕೆ ಮರಳಿದ್ದು ಹೇಗೆ?
ಅಜ್ಜ ಹರಾಜಿನಲ್ಲಿ ಹಿಡಿದದ್ದು, ಅನ್ನುತ್ತಾನೆ ನಾಸರ್.
ಅವನ ತಂಗಿ, ಯಾರದೋ ಸಾಲಕ್ಕೆ ಬಂದದ್ದು, ಅನ್ನುತ್ತಾಳೆ.

ಹುಣಸೆ ನೀರು, ಅಂಟುವಾಳದ ನೊರೆ, ಹಳೇ ಬ್ರಷ್ಷು.
ಕಪ್ಪು ಇಳಿಯಿತು. ಮೂರು ಕಾಲು ಹುಣ್ಣಿಮೆ;
ನಾಲ್ಕನೆಯದು ಎಷ್ಟು ತಿಕ್ಕಿದರೂ ಮೋಡ.
ಉಗುರು ಒತ್ತಿದೆ. ಗುರುತು ಬಿತ್ತು.
ಸೀಸ.

ಹುಡುಗ ಶಫೀಕುಲ್ ನನ್ನ ಮುಖ ನೋಡಿದ.
ನಾನು ಬುಡ ಮಗುಚಿದೆ.
ಆ ಕಾಲಿನ ಸರಿ ಕೆಳಗೆ, ಯಾರೂ ನೋಡದ ಜಾಗದಲ್ಲಿ,
ಅರದಿಂದ ಎಳೆದ ಮೂರು ಗೀರು:
ಇಲ್ಲಿ ಬೆಂಕಿ ತೋರಿಸಬೇಡ, ಕರಗಿಹೋಗುತ್ತದೆ.
ಕುಮಟೆಯಲ್ಲಿ ಅಪ್ಪ ಕಲಿಸಿದ ಮೊದಲ ಅಕ್ಷರ ಅದು.
ಅ, ಆ ಎಲ್ಲ ಆಮೇಲೆ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ, ಅನ್ನುತ್ತಾರೆ.
ಸರಿ, ಬಿಡಲಿಲ್ಲ ಅವನು.
ನಾಲ್ಕು ತೊಲೆಯ ಕಾಲು ಯಾವ ಮಚವೆ ಹತ್ತಿತೋ,
ಯಾವ ಹುಡುಗಿಯ ಕಾಲಿಗೆ ಗೆಜ್ಜೆಯಾಗಿ ಅಂಗಳದಲ್ಲಿ ಓಡಿತೋ.
ಧಣಿಗೆ ಸುಳ್ಳು ಹೇಳಿ ಕೂಲಿ ಎಣಿಸಿಕೊಂಡವನು
ಮುಂದೆ ಎಂದೋ ಈ ಮಣೆಯಲ್ಲಿ ಕೂರುವ ನನಗೆ
ನಿಜ ಬರೆದಿಟ್ಟು ಹೋಗಿದ್ದಾನೆ.

ಶುಕ್ರವಾರ ಬೆಳಿಗ್ಗೆ, ಅಂಗಡಿಗೆ ಅರ್ಧ ಬಾಗಿಲು.
ನಾಸರ್ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ.
“ಈ ಕಾಲು ಯಾಕೆ ಮಂಕು?”
ಹಳೇ ಒಂಟೆಯಲ್ಲವೇ, ಅಂದೆ. ದಣಿದಿದೆ.
ನಕ್ಕ. ಮಾತಾಡಿದ್ದಕ್ಕಿಂತ ಐದು ರಿಯಾಲ್ ಹೆಚ್ಚೇ ಕೊಟ್ಟ.

ನಾಲ್ಕನೆಯ ಗೀರು ನಾನು ಎಳೆದದ್ದು
ಹಿಂದಿನ ರಾತ್ರಿ, ಶಫೀಕುಲ್ ಚಹಾ ತರಲು ಹೋದಾಗ.
ಅದರ ಅರ್ಥ ಅಪ್ಪ ಕಲಿಸಿರಲಿಲ್ಲ.